ಊ ಅಂದರೆ ಯಾರು

ಜನವರಿ 9

ಪ್ರೀತಿಯ ಅಕ್ಕನಿಗೆ,

ಫೋನಿನಲ್ಲಿ ಮಾತಾಡಿದರೆ ಮೂರನೇ ನಿಮಿಷಕ್ಕೆ ಜಗಳ ಶುರುವಾಗುತ್ತದೆ, ಇನ್ನು ಮೇಲೆ ಏನಿದ್ದರೂ ಬರೆದು ತಿಳಿಸು ಎಂದು ನೀನೇ ಅಪ್ಪಣೆ ಕೊಡಿಸಿದ್ದಾಯಿತು. ಅದಕ್ಕೇ ಈ ಕಾಗದ. ಕೈಯಲ್ಲಿ ಬರೆದು ಎಷ್ಟು ವರ್ಷವಾಯಿತೋ, ಅಕ್ಷರ ಕೋಳಿ ಕೆದರಿದ ಹಾಗಿದೆ. ಸಹಿಸಿಕೋ.

ವಿಶ್ವವಿದ್ಯಾಲಯದ ಮೂರನೇ ಮಹಡಿಯಲ್ಲಿ ನಮಗೊಂದು ಕೋಣೆ ಕೊಟ್ಟಿದ್ದಾರೆ. ನಾಲ್ಕು ಜನ, ಆರು ಕಂಪ್ಯೂಟರು, ಒಂದೇ ಕಿಟಕಿ. ಪಕ್ಕದ ಕೋಣೆಯಲ್ಲಿ ಇರುವೆಗಳ ನಡಿಗೆಯ ಮೇಲೆ ಸಂಶೋಧನೆ ಮಾಡುವವನಿದ್ದಾನೆ, ಅವನಿಗೆ ಇರುವೆ ಡಾಕ್ಟರು ಎಂದೇ ಹೆಸರು. ಅದರಾಚೆ ಹಳೆಯ ಸೇತುವೆಗಳ ಬಿರುಕು ಅಳೆಯುವವರು. ಇವರೆಲ್ಲರ ಕಣ್ಣಿಗೆ ವಿಚಿತ್ರವಾಗಿ ಕಾಣುವವರು ಮಾತ್ರ ನಾವು! ಪರ್ಷಿಯನ್ ಮಾತನ್ನು ಕೇಳಿಸಿಕೊಂಡು, ಅದೇ ಲಿಪಿಯಲ್ಲಿ ಬರೆದುಕೊಂಡು, ಆಮೇಲೆ ನಮ್ಮ ಭಾಷೆಗೆ ತಿರುಗಿಸುವ ಯಂತ್ರ ನಮ್ಮದು. ಯಂತ್ರ ಎಂದರೆ ಚಕ್ರ ಗಿಕ್ರ ಏನೂ ಇಲ್ಲ, ಕಂಪ್ಯೂಟರಿನೊಳಗಿನ ಲೆಕ್ಕಾಚಾರ ಅಷ್ಟೆ.

ಪರ್ಷಿಯನ್ ಬರಹದಲ್ಲಿ ಹ್ರಸ್ವ ಸ್ವರ ಬರೆಯುವುದಿಲ್ಲವಲ್ಲ. ‘ಕೆರೆಮ್’ ಎಂದರೆ ಕ್ರೀಮು, ‘ಕೆರ್ಮ್’ ಎಂದರೆ ಹುಳ, ಕಾಗದದ ಮೇಲೆ ಎರಡೂ ಒಂದೇ. ಮೊನ್ನೆ ನಮ್ಮ ಯಂತ್ರ “ಮದುಮಗಳು ಮುಖಕ್ಕೆ ಹುಳ ಹಚ್ಚಿಕೊಂಡಳು” ಎಂದು ಗಂಭೀರವಾಗಿ ಬರೆಯಿತು. ಅಪ್ಪ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಕಾಲೇಜಿನಲ್ಲಿ ಅವರ ಪರ್ಷಿಯನ್ ತರಗತಿಗೆ ಬರುತ್ತಿದ್ದವರು ಮೂರೇ ಜನ: ನೀನು, ನಾನು, ಕೋಣೆ ತಪ್ಪಿ ಬಂದ ಇನ್ನೊಬ್ಬ.

ಈಗ ವಿಷಯಕ್ಕೆ ಬರುತ್ತೇನೆ. ಹೊಸ ದುಭಾಷಿಗಳಿಗೆ ಕಲಿಸಲು ನೀನು ಅಭ್ಯಾಸದ ಪುಸ್ತಕಗಳನ್ನು ಬರೆದಿಟ್ಟಿದ್ದೀಯಲ್ಲ, ಎಡಕ್ಕೆ ಪರ್ಷಿಯನ್, ಬಲಕ್ಕೆ ನಮ್ಮ ಭಾಷೆ, ಅವು ನನಗೆ ಬೇಕು. ಯಂತ್ರ ಕಲಿಯುವುದು ಇಂಥ ಜೋಡಿ ವಾಕ್ಯಗಳಿಂದಲೇ. ಇಲ್ಲ ಅನ್ನಬೇಡ.

ನಿನ್ನ ತಮ್ಮ

*

ಜನವರಿ 22

ಪ್ರೀತಿಯ ಪುಟ್ಟಾ,

ಕಾಗದ ಓದಿ ಮೊದಲು ನಿನ್ನ ಅಕ್ಷರಕ್ಕೆ ನಕ್ಕೆ, ಆಮೇಲೆ ಹುಳಕ್ಕೆ. ಇಪ್ಪತ್ತೆರಡು ನೋಟ್‌ಪುಸ್ತಕಗಳನ್ನು ಎರಡು ಪೆಟ್ಟಿಗೆಯಲ್ಲಿ ಕಟ್ಟಿ ಕಳಿಸಿದ್ದೇನೆ. ಎಲ್ಲ ನಾನೇ ಹೆಣೆದ ಪ್ರಸಂಗಗಳು, ನಿಜವಾದ ಯಾರ ಹೇಳಿಕೆಯೂ ಅಲ್ಲ, ಕಚೇರಿಯಲ್ಲಿ ಕೇಳಿಯೇ ಕಳಿಸಿದ್ದು. ಹದಿನೆಂಟು ವರ್ಷದ ಬೆವರು, ಚಹಾ ಚೆಲ್ಲೀಯ!

ನನ್ನದು ಅದೇ ಕೆಲಸ, ಅದೇ ಕೋಣೆ. ಆಶ್ರಯ ಕೋರಿ ಗಡಿ ದಾಟಿ ಬಂದವರು ಒಂದು ಕಡೆ, ಅಧಿಕಾರಿ ಇನ್ನೊಂದು ಕಡೆ, ಮೇಜಿನ ತುದಿಯಲ್ಲಿ ನಾನು. ನೀರಿನ ಜಗ್ಗು, ಕಣ್ಣೊರೆಸಿಕೊಳ್ಳಲು ಕಾಗದದ ಡಬ್ಬಿ. ಒಬ್ಬೊಬ್ಬರು ಮೂರು ಗಂಟೆ ಹೇಳುತ್ತಾರೆ. ಆ ಮೂರು ಗಂಟೆಯ ಮೇಲೆ ಅವರು ಇಲ್ಲಿ ಇರಬೇಕೋ ಹೊರಡಬೇಕೋ ತೀರ್ಮಾನವಾಗುತ್ತದೆ. ಸಂಜೆ ಮನೆಗೆ ಬಂದರೆ ಯಾರೊಡನೆಯೂ ಮಾತು ಬೇಡವೆನಿಸುತ್ತದೆ. ನಿನ್ನ ಫೋನು ಬರುವುದೂ ಸರಿಯಾಗಿ ಆಗಲೇ, ಜಗಳವಾಗದೆ ಇನ್ನೇನು?

ಪುಸ್ತಕ ತೆರೆದರೆ ಅಂಚಿನಲ್ಲಿ ಪೆನ್ಸಿಲ್ ಬರಹ ಕಾಣುತ್ತದೆ. ಅದೇನೆಂದು ಹೇಳಿಬಿಡುತ್ತೇನೆ. ಪರ್ಷಿಯನ್‌ನಲ್ಲಿ ಅವನಿಗೂ ಅವಳಿಗೂ ಒಂದೇ ಪದ, ‘ಊ’. ಕ್ರಿಯಾಪದದಲ್ಲೂ ಗುರುತಿಲ್ಲ. ನಮ್ಮಲ್ಲಿ ಬಂದ, ಬಂದಳು ಎಂದು ಬಾಯಿಬಿಟ್ಟ ಕೂಡಲೇ ಗುಟ್ಟು ರಟ್ಟು. ಅನುಮಾನ ಬಂದ ಕಡೆಯಲ್ಲೆಲ್ಲ ನಿಲ್ಲಿಸಿ “ಊ ಅಂದರೆ ಯಾರು?” ಎಂದು ಕೇಳಬೇಕು ಅಂತ ಹೊಸದಾಗಿ ಸೇರಿದ ಮಕ್ಕಳಿಗೆ ಕಲಿಸುತ್ತೇನೆ. ಪೆನ್ಸಿಲ್‌ನಲ್ಲಿರುವುದು ಆ ಪ್ರಶ್ನೆಗಳು.

ಅಂದಹಾಗೆ, ಈ ಯಂತ್ರ ಯಾರಿಗೆ ಬೇಕಂತೆ? ಅದನ್ನೇ ಬರೆದಿಲ್ಲ ನೀನು.

ಅಕ್ಕ

*

ಮಾರ್ಚ್ 30

ಪ್ರೀತಿಯ ಅಕ್ಕ,

ನಿನ್ನ ಪುಸ್ತಕಗಳು ಪವಾಡ ಮಾಡಿದವು. ಡಿಸೆಂಬರಿನಲ್ಲಿ ನೂರಕ್ಕೆ ಅರವತ್ತೆಂಟು ವಾಕ್ಯ ಸರಿ ಬರುತ್ತಿತ್ತು, ಈಗ ತೊಂಬತ್ತೊಂದು! ವಾಕ್ಯಗಳ ಓಟವೇ ಬದಲಾಗಿದೆ. ಇರುವೆ ಡಾಕ್ಟರಿಗೆ ಒಂದು ಪುಟ ಓದಿ ತೋರಿಸಿದೆ. “ಇದು ಯಂತ್ರ ಬರೆದದ್ದಾ? ನಾನು ಬರೆಯೋದಕ್ಕಿಂತ ಚೆನ್ನಾಗಿದೆಯಲ್ಲ ಮಾರಾಯ” ಎಂದ.

ಪೆನ್ಸಿಲ್ ಟಿಪ್ಪಣಿಗಳನ್ನು ಮಾತ್ರ ತೆಗೆದುಹಾಕಬೇಕಾಯಿತು. ನಾಲ್ಕು ಸಾವಿರದ ಮೇಲಿದ್ದವು. ಅನುವಾದದ ನಡುವೆ ಪ್ರಶ್ನೆ ಬಂದರೆ ಯಂತ್ರಕ್ಕೆ ತಲೆಕೆಡುತ್ತದೆ, ಇದೂ ಅನುವಾದವೇ ಎಂದುಕೊಂಡು ಎಲ್ಲೆಂದರಲ್ಲಿ “ಯಾರು? ಯಾರು?” ಎನ್ನತೊಡಗುತ್ತದೆ. ಎರಡು ದಿನ ಕೂತು ಜರಡಿ ಹಿಡಿದೆ.

ಈ ತಿಂಗಳ ಮೊದಲಲ್ಲಿ ಒಂದು ಸರ್ಕಾರಿ ಕಚೇರಿಯವರು ನೋಡಲು ಬಂದಿದ್ದರು. ಆಗಿನ್ನೂ ಯಂತ್ರ ಗೊತ್ತಾಗದ ಕಡೆ ‘ಅವರು’ ಎಂದು ಹಾಕುತ್ತಿತ್ತು. ಒಬ್ಬ ಹಿರಿಯ ಅಧಿಕಾರಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಏನ್ರೀ ಇದು, ಕುಡಿದು ಬಂದು ಹೊಡೆದವನಿಗೂ ‘ಅವರು ಹೊಡೆದರು’ ಅನ್ನುತ್ತಲ್ಲ! ಎಷ್ಟು ಮರ್ಯಾದಸ್ಥ ಯಂತ್ರ ರೀ ನಿಮ್ಮದು!” ನಾವೂ ನಕ್ಕೆವು. ಅವನೋ ಅವಳೋ ಒಂದನ್ನು ಯಂತ್ರವೇ ಆರಿಸುವ ಹಾಗೆ ಮಾಡಿಕೊಡಿ ಎಂದರು, ಹತ್ತೇ ದಿನದಲ್ಲಿ ಮಾಡಿಕೊಟ್ಟೆವು. ಮುಂದಿನ ತಿಂಗಳಿಂದ ಅವರಲ್ಲಿ ಪ್ರಯೋಗ. ಅದು ಯಾವ ಕಚೇರಿ ಎಂದು ಈಗಲೇ ಹೊರಗೆ ಹೇಳಬಾರದಂತೆ, ನಮ್ಮ ತಂಡದ ಮುಖ್ಯಸ್ಥೆ ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದಾರೆ.

ನನ್ನ ಹುದ್ದೆ ಖಾಯಂ ಆಗುವ ಮಾತೂ ಇದೆ. ದೃಷ್ಟಿ ತಾಗದಿರಲಿ.

ತಮ್ಮ

*

ಮೇ 3

ಪುಟ್ಟನಿಗೆ,

ನಿನ್ನ ಕಾಗದ ತಲುಪಿ ಬಹಳ ದಿನವಾಯಿತು. ಹುದ್ದೆಯ ವಿಷಯ ಸಂತೋಷ. ನನಗೂ ಈಗ ಕೆಲಸ ಹಗುರವಾಗಿದೆ, ಮೊದಲಿನ ಹಾಗೆ ದಿನವಿಡೀ ಮಾತಾಡಬೇಕಾಗಿಲ್ಲ. ಆರೋಗ್ಯ ನೋಡಿಕೋ.

ಅಕ್ಕ

*

ಮೇ 19

ಪ್ರೀತಿಯ ಅಕ್ಕ,

ನಾಲ್ಕೇ ಸಾಲು! ಪೋಸ್ಟಿನವನಿಗೂ ಬೇಜಾರಾಗಿರಬೇಕು. ಇರಲಿ, ಕೆಲಸ ಹಗುರವಾದದ್ದು ಕೇಳಿ ನೆಮ್ಮದಿಯಾಯಿತು. ದಿನವಿಡೀ ಪರರ ಗೋಳು ಬಾಯಲ್ಲಿ ಹೊತ್ತು ನಿನ್ನ ಗಂಟಲು ಸೋತು ಹೋಗಿತ್ತು. ಇನ್ನಾದರೂ ಬೆಳಗ್ಗೆ ಪಾರ್ಕಿಗೆ ಹೋಗು, ಬೆನ್ನಿಗೂ ಒಳ್ಳೆಯದು.

ಹುದ್ದೆ ಖಾಯಂ ಆಯಿತು. ಜೂನಿನಿಂದ ಆದೇಶ. ಜುಲೈ ಕೊನೆಗೆ ಇಲ್ಲೊಂದು ದೊಡ್ಡ ಸಮ್ಮೇಳನ, ನಮ್ಮ ಯಂತ್ರದ ಬಗ್ಗೆ ನಾನೇ ಮಾತಾಡುವುದು. ನೀನು ಬಂದು ಮೊದಲ ಸಾಲಿನಲ್ಲಿ ಕೂರಬೇಕು. ನಿನ್ನ ಹೆಸರು ಹೇಳಿ ಎಲ್ಲರೆದುರು ವಂದಿಸುತ್ತೇನೆ. ರಜೆ ಹಾಕು.

ತಮ್ಮ

*

ಜುಲೈ 8

ಪುಟ್ಟಾ,

ಸಮ್ಮೇಳನಕ್ಕೆ ನಾನು ಬರುವುದಿಲ್ಲ. ರಜೆ ಹಾಕುವ ಪ್ರಶ್ನೆಯೂ ಇಲ್ಲ. ಏಪ್ರಿಲಿನಲ್ಲಿ ನಿನ್ನ ಯಂತ್ರ ಬಂದದ್ದು ನಮ್ಮ ಕಚೇರಿಗೆ. ವಿಚಾರಣೆಯ ಕೋಣೆಯಲ್ಲಿ ನನ್ನ ಕುರ್ಚಿ ಇದ್ದಲ್ಲಿ ಈಗ ಮೈಕು ಇದೆ. ಜೂನ್ ಮೂವತ್ತಕ್ಕೆ ನಮ್ಮಲ್ಲಿ ಐದು ಜನರಿಗೆ ಸಾಕು ಅಂದರು, ಅದರಲ್ಲಿ ನಾನೊಬ್ಬಳು. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನಿನ್ನ ಮೊದಲ ಖಾಯಂ ಕೆಲಸ, ಅದರ ಮೇಲೆ ನನ್ನ ನೆರಳು ಯಾಕೆ ಬೀಳಬೇಕು ಎಂದು. ಈಗ ಬರೆಯುತ್ತಿರುವುದು ಬೇರೆ ಕಾರಣಕ್ಕೆ.

ಹೋದ ಶುಕ್ರವಾರ ನನ್ನ ನಿಘಂಟು, ಚಪ್ಪಲಿ, ಕೊಡೆ ತರಲು ಕಚೇರಿಗೆ ಹೋಗಿದ್ದೆ. ಪಡಸಾಲೆಯ ಬೆಂಚಿನಲ್ಲಿ ಒಬ್ಬ ಹೆಂಗಸು ಕಾಗದ ಹಿಡಿದುಕೊಂಡು ಹೋಗಿ ಬರುವವರನ್ನೆಲ್ಲ “ಪರ್ಷಿಯನ್ ಬರುತ್ತಾ?” ಎಂದು ಕೇಳುತ್ತಿದ್ದಳು. ಹೊಲಿಗೆ ಕೆಲಸದಾಕೆ, ಬೆರಳ ತುದಿಯೆಲ್ಲ ಸೂಜಿಯ ಗುರುತು. ಆಶ್ರಯದ ಅರ್ಜಿ ತಿರಸ್ಕಾರವಾಗಿತ್ತು. ಓದಿ ಹೇಳಲು ಕೂತೆ.

ಮೊದಲು ಆಕೆಯ ಹೇಳಿಕೆ. ನಮ್ಮ ಭಾಷೆಯಲ್ಲಿ ಹೀಗಿದೆ: “ಗಂಡ ಕುಡಿದು ಬಂದ. ಅವನು ನನ್ನ ಕೈ ಮುರಿದ. ನಾನು ಔಷಧಿ ಅಂಗಡಿಯ ಬಾಗಿಲು ಬಡಿದೆ. ಅವನು ಬಾಗಿಲು ತೆಗೆದ. ಅವನು ನನ್ನನ್ನು ಆರು ವಾರ ಮಹಡಿಯಲ್ಲಿ ಬಚ್ಚಿಟ್ಟ. ಅವನೇ ಬಸ್ಸು ಹತ್ತಿಸಿದ.” ನಾನು ಪರ್ಷಿಯನ್‌ನಲ್ಲಿ ಹೇಳುತ್ತಾ ಹೋದೆ. ಹೇಳುವಾಗ ‘ಅವನು’ಗಳೆಲ್ಲ ಮತ್ತೆ ‘ಊ’ ಆದವು. ಆಕೆ ತಲೆಯಾಡಿಸುತ್ತಾ “ಸರಿ, ಹೀಗೇ ಹೇಳಿದ್ದು, ಒಂದಕ್ಷರ ಹೆಚ್ಚುಕಡಿಮೆ ಇಲ್ಲ” ಎಂದಳು. ವಿಚಾರಣೆಯ ದಿನವೂ ಯಂತ್ರ ಪರ್ಷಿಯನ್‌ನಲ್ಲಿ ಹೀಗೇ ಓದಿ ಹೇಳಿತ್ತಂತೆ, ಒಪ್ಪಿ ಸಹಿ ಹಾಕಿದ್ದಾಳೆ.

ಆಮೇಲೆ ತಿರಸ್ಕಾರದ ಕಾರಣಕ್ಕೆ ಬಂದೆ. “ಕೈ ಮುರಿದವನೇ ಅರ್ಜಿದಾರಳನ್ನು ಆರು ವಾರ ಬಚ್ಚಿಟ್ಟು ತಾನೇ ಬಸ್ಸು ಹತ್ತಿಸಿದ ಎಂಬುದು ನಂಬಲರ್ಹವಲ್ಲ.”

ಆಕೆ ಎದ್ದು ನಿಂತಳು. “ಯಾರು ಹಾಗಂದದ್ದು? ಹೊಡೆದದ್ದು ನನ್ನ ಗಂಡ. ಬಾಗಿಲು ತೆಗೆದದ್ದು ಔಷಧಿ ಅಂಗಡಿಯ ಅಮ್ಮ, ಅರವತ್ತು ವರ್ಷದ ಮುದುಕಿ! ಅವರಿಲ್ಲದಿದ್ದರೆ ನಾನು ಹೆಣ. ಅವರನ್ನ ತಂದು ನನ್ನ ಗಂಡನ ಜಾಗದಲ್ಲಿ ಕೂರಿಸಿದ್ದೀರಲ್ಲ, ನಿಮಗೇನು ತಲೆ ಕೆಟ್ಟಿದೆಯಾ?”

ಪಡಸಾಲೆಯಲ್ಲಿದ್ದವರೆಲ್ಲ ನಮ್ಮನ್ನೇ ನೋಡಿದರು.

ಒಂದೇ ಪ್ರಶ್ನೆ ನಿನಗೆ. ಯಂತ್ರ ಹೀಗೆ ಮಾಡುತ್ತದೆ ಎಂದು ನಿನಗೆ ಗೊತ್ತಿತ್ತಾ?

ಅಕ್ಕ

*

ಜುಲೈ 16

ಅಕ್ಕ,

ನಿನ್ನ ಕೆಲಸ ಹೋದ ಸಾಲನ್ನು ಮೂರು ಸಲ ಓದಿದೆ. ಐದು ಜನರನ್ನು ತೆಗೆಯುತ್ತಾರೆಂದು ನಮಗೆ ಯಾರೂ ಹೇಳಿರಲಿಲ್ಲ. ನಿಮ್ಮ ಕಚೇರಿ ಎಂದು ಗೊತ್ತಿತ್ತು, ಅದನ್ನು ಮುಚ್ಚಿಟ್ಟದ್ದು ನನ್ನ ತಪ್ಪು. ನಿನ್ನ ಕೆಲಸ ಸುಲಭವಾಗುತ್ತದೆ ಎಂದೇ ನಂಬಿದ್ದೆ. ‘ಹಗುರ’ ಎಂದು ನೀನೇ ಬರೆದಾಗ ನನ್ನ ನಂಬಿಕೆಯೇ ನಿಜವಾಯಿತೆಂದು ಕುಣಿದೆ.

ಆದರೆ ಹೊಲಿಗೆಯಾಕೆಯ ವಿಷಯದಲ್ಲಿ ಎಲ್ಲವನ್ನೂ ಯಂತ್ರದ ತಲೆಗೆ ಕಟ್ಟುವುದು ನ್ಯಾಯವಲ್ಲ. ನೂರಕ್ಕೆ ನೂರು ಸರಿ ಎಂದು ನಾವು ಎಲ್ಲೂ ಹೇಳಿಲ್ಲ. ಪ್ರತಿ ಪುಟವನ್ನೂ ಧ್ವನಿಮುದ್ರಿಕೆಯ ಜೊತೆ ಹೋಲಿಸಿ, ಭಾಷೆ ಬಲ್ಲ ಪರಿಶೀಲಕರೊಬ್ಬರು ಸಹಿ ಹಾಕಬೇಕು ಎಂದು ನಿಯಮದಲ್ಲೇ ಬರೆದಿದೆ. ಆ ಪುಟಕ್ಕೂ ಯಾರೋ ಸಹಿ ಹಾಕಿರುತ್ತಾರೆ. ಕಿವಿ ಕೊಟ್ಟು ಕೇಳಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಸಂಬಳ ತಗೊಂಡು ಕಣ್ಣುಮುಚ್ಚಿ ಸಹಿ ಒತ್ತುವವರನ್ನು ಮೊದಲು ಕೇಳು.

ಸಮ್ಮೇಳನ ಮುಗಿಸಿ ಅಲ್ಲಿಗೆ ಬರುತ್ತೇನೆ. ಕೋಪ ಮಾಡಿಕೊಳ್ಳಬೇಡ.

ತಮ್ಮ

*

ಜುಲೈ 22

ಪುಟ್ಟಾ,

ಆ ಸಹಿ ನನ್ನದು.

ಏಪ್ರಿಲಿನಿಂದ ನನ್ನನ್ನು ಪರಿಶೀಲಕಿ ಎಂದು ಕೂರಿಸಿದ್ದರು. ‘ಹಗುರ’ ಎಂದು ಬರೆದದ್ದು ಆ ಕೆಲಸವನ್ನೇ. ದಿನಕ್ಕೆ ನಲವತ್ತು ಪುಟ. ಧ್ವನಿ ಕೇಳಲು ಕೂತರೆ ಎಂಟು ಪುಟವೂ ಮುಗಿಯುವುದಿಲ್ಲ. ಮೊದಲ ವಾರ ಕೇಳಿದೆ, ಮೇಲಿನವರು ಕರೆದು “ಅಮ್ಮಾ, ನಿಮ್ಮಿಂದ ಸಾಲು ನಿಂತುಹೋಗಿದೆ” ಎಂದರು. ಎರಡನೇ ವಾರದಿಂದ ಬರೀ ಓದತೊಡಗಿದೆ.

ಇನ್ನೂ ಒಂದು ಹೇಳಬೇಕು. ಆ ಬರಹದಲ್ಲಿ ತಪ್ಪು ಹುಡುಕಬೇಕು ಎಂದೇ ನನಗೆ ತೋಚಲಿಲ್ಲ. ವಾಕ್ಯ ನಿಲ್ಲಿಸುವ ರೀತಿ, ಪದ ಆರಿಸುವ ರೀತಿ, ಎಲ್ಲ ನನ್ನದೇ. ನಾನು ಎಂದೋ ಬರೆದು ಮರೆತ ಪುಟ ಓದಿದ ಹಾಗಿತ್ತು. ನನ್ನನ್ನೇ ನಾನು ಹೇಗೆ ಅನುಮಾನಿಸಲಿ? ಇದು ನೆಪವೆಂದು ನನಗೂ ಗೊತ್ತು. ಆಕೆ ಮೂರು ಗಂಟೆ ಅತ್ತು ಹೇಳಿದ್ದಾಳೆ, ಪಕ್ಕದ ಕೋಣೆಯಲ್ಲಿ ಕೂತು ನಾನು ಅದನ್ನು ಕೇಳಲಿಲ್ಲ.

ಪಡಸಾಲೆಯಲ್ಲಿ ಆಕೆಯ ಕಾಗದದ ಕೆಳಗೆ ನನ್ನ ಸಹಿ ಕಂಡಿತು. ಬೆರಳಿನಿಂದ ಮುಚ್ಚಿಕೊಂಡು ಓದಿ ಹೇಳಿದೆ. ನಿನಗೆ ಬರೆಯುವಾಗಲೂ ಮುಚ್ಚಿಟ್ಟೆ, ಪ್ರಶ್ನೆ ಮಾತ್ರ ನಿನಗೆ ಹಾಕಿದೆ.

ಮೇಲ್ಮನವಿಗೆ ಜುಲೈ ಮೂವತ್ತೊಂದು ಕೊನೆಯ ದಿನ. ಆಕೆಗೆ ಒಬ್ಬ ವಕೀಲೆಯನ್ನು ಹುಡುಕಿಕೊಟ್ಟೆ. ಕೇಳದೆ ಸಹಿ ಹಾಕಿದೆ ಎಂದು ನಾನು ಲಿಖಿತವಾಗಿ ಕೊಟ್ಟಿದ್ದೇನೆ. ದುಭಾಷಿಗಳ ಪಟ್ಟಿಯಿಂದ ನನ್ನ ಹೆಸರು ಹೋಗುತ್ತದೆ, ಹೋಗಲಿ. “ಇದು ಒಂದು ದಿನದ ಎಡವಟ್ಟು, ಯಂತ್ರ ಸಾಮಾನ್ಯವಾಗಿ ಸರಿ ಅಂತಾರೆ ಕಚೇರಿಯವರು. ಅಲ್ಲ ಅನ್ನೋದಕ್ಕೆ ಏನಾದರೂ ಬೇಕು” ಅನ್ನುತ್ತಾರೆ ವಕೀಲೆ.

ನನ್ನ ಪ್ರಶ್ನೆಗೆ ನೀನು ಉತ್ತರ ಕೊಟ್ಟಿಲ್ಲ.

ಅಕ್ಕ

*

ಜುಲೈ 26

ಅಕ್ಕ,

ಗೊತ್ತಿತ್ತು.

ಮಾರ್ಚ್ ಕೊನೆಗೆ ನಾನೇ ಪರೀಕ್ಷೆ ಮಾಡಿದ್ದೆ. ಹೆಂಗಸರ ಬಗ್ಗೆ ಇರುವ ನೂರು ವಾಕ್ಯ ಕೊಟ್ಟರೆ ಮೂವತ್ತನಾಲ್ಕರಲ್ಲಿ ಯಂತ್ರ ‘ಅವನು’ ಎಂದಿತು. ಅಂಗಡಿ ಇಟ್ಟವರು, ಬಾಗಿಲು ತೆಗೆದವರು, ಬಚ್ಚಿಟ್ಟು ಕಾಪಾಡಿದವರು ಎಂದರೆ ಅದರ ಲೆಕ್ಕದಲ್ಲಿ ಗಂಡಸೇ. ‘ಅವರು’ ಇದ್ದಾಗ ಈ ತೊಂದರೆ ಇರಲಿಲ್ಲ, ನಗು ಬಂತೆಂದು ತೆಗೆದೆವು. ನಿನ್ನ ಪೆನ್ಸಿಲ್ ಪ್ರಶ್ನೆಗಳು ಇದ್ದಿದ್ದರೆ ಕೊನೇಪಕ್ಷ ಕೇಳುವುದನ್ನಾದರೂ ಕಲಿಯುತ್ತಿತ್ತು, ಅವನ್ನು ನನ್ನ ಕೈಯಾರೆ ಅಳಿಸಿದೆ.

ಕೋಷ್ಟಕ ಮಾಡಿ ಮೇಡಂಗೆ ತೋರಿಸಿದೆ. “ಇದನ್ನ ಮುಂದಿನ ಹಂತದಲ್ಲಿ ಸರಿ ಮಾಡೋಣ. ವರದಿಯಲ್ಲಿ ಈಗ ಬೇಡ” ಎಂದರು. ನಾನು “ಸರಿ ಮೇಡಂ” ಎಂದೆ. ಎರಡೇ ಪದ. ಅದೇ ವಾರ ನನ್ನ ಹುದ್ದೆಯ ಕಡತ ಅವರ ಮೇಜಿನ ಮೇಲಿತ್ತು. ಅವರು ಹೆದರಿಸಲಿಲ್ಲ, ಆಸೆಯನ್ನೂ ತೋರಿಸಲಿಲ್ಲ. ಹೆದರಿದ್ದು, ಆಸೆಪಟ್ಟದ್ದು ಎಲ್ಲ ನಾನೇ. ನಿನಗೆ ತೊಂಬತ್ತೊಂದು ಎಂದು ಬರೆದ ದಿನ ಆ ಕೋಷ್ಟಕ ನನ್ನ ಮೇಜಿನ ಡ್ರಾಯರಿನಲ್ಲಿತ್ತು.

‘ಕಣ್ಣುಮುಚ್ಚಿ ಸಹಿ ಒತ್ತುವವರು’ ಎಂದು ಬರೆದ ಕೈಯನ್ನು ಏನು ಮಾಡಲಿ ಹೇಳು.

ಕೋಷ್ಟಕವನ್ನು ವಕೀಲೆಗೆ ಕೊಡುತ್ತೇನೆಂದು ಇವತ್ತು ಬೆಳಗ್ಗೆ ಮೇಡಂಗೆ ಹೇಳಿಯೇ ಬಂದೆ. ಅವರು “ನಾಡಿದ್ದು ಮಾತಾಡೋದು ನೀನು. ಅದೂ ನೆನಪಿದೆಯಾ?” ಎಂದರು. ನೆನಪಿದೆ ಎಂದೆ. ಕೋಷ್ಟಕ, ಪರೀಕ್ಷೆಯ ನೂರು ವಾಕ್ಯ, ನನ್ನ ಪ್ರಮಾಣಪತ್ರ, ಮೂರನ್ನೂ ಈ ಕಾಗದದ ಜೊತೆ ಇರುವೆ ಡಾಕ್ಟರ ಕೈಯಲ್ಲೇ ಕಳಿಸುತ್ತಿದ್ದೇನೆ. ಅವನು ಆ ಕಡೆಯ ರೈಲು ಹಿಡಿಯುತ್ತಿದ್ದಾನೆ, ಅಂಚೆಯನ್ನು ನಂಬಿ ಕೂರುವ ಸಮಯವಲ್ಲ. ವಕೀಲೆಗೆ ಕೊಡು.

ತಮ್ಮ

*

ಸೆಪ್ಟೆಂಬರ್ 14

ಪುಟ್ಟಾ,

ನಿನ್ನೆ ಮೇಲ್ಮನವಿಯ ತೀರ್ಮಾನವಾಯಿತು. ಹಳೆಯ ಆದೇಶ ರದ್ದು. ಹೊಲಿಗೆಯಾಕೆಯ ಅರ್ಜಿಯನ್ನು ಮನುಷ್ಯ ದುಭಾಷಿಯನ್ನಿಟ್ಟುಕೊಂಡು ಮೊದಲಿನಿಂದ ಕೇಳಬೇಕು ಎಂದರು. ನಿನ್ನ ಕೋಷ್ಟಕವನ್ನು ನ್ಯಾಯಾಧೀಶರು ಎರಡು ಸಲ ತಿರುವಿ ನೋಡಿ, “ಇದು ಮಾರ್ಚಿನದಾ?” ಎಂದು ಕೇಳಿದರು. ವಕೀಲೆ ಹೌದೆಂದರು. ನನ್ನ ಹೆಸರನ್ನು ದುಭಾಷಿಗಳ ಪಟ್ಟಿಯಿಂದ ಎರಡು ವರ್ಷಕ್ಕೆ ತೆಗೆದಿದ್ದಾರೆ. ನಿನ್ನ ಖಾಯಂ ಆದೇಶ ತಡೆಹಿಡಿದದ್ದು ಇರುವೆ ಡಾಕ್ಟರ ಬಾಯಲ್ಲಿ ಕೇಳಿದೆ. ಇನ್ನು ಮೇಲೆ ಇಂಥದ್ದನ್ನು ನೀನೇ ಬರೆ.

ಹೊರಗೆ ಬಂದ ಮೇಲೆ ಆಕೆಗೆ ಎಲ್ಲ ಹೇಳಿದೆ. ಸಹಿ ನನ್ನದು, ಯಂತ್ರ ನನ್ನ ತಮ್ಮನದು, ಅಂದು ಬೆರಳಿನಿಂದ ಮುಚ್ಚಿದ್ದೆ. ಆಕೆ ಬೈಯುತ್ತಾಳೆಂದು ಕಾದೆ. ಅಳುತ್ತಾಳೇನೋ ಎಂದೂ ಅನಿಸಿತು. ಆಕೆ ಕೈಚೀಲದ ಹಿಡಿಕೆ ಸುತ್ತುತ್ತಾ ನಿಂತಿದ್ದು ಕೇಳಿದಳು:

“ನನ್ನೊಬ್ಬಳದ್ದೇನಾ ನೀವು ಸಹಿ ಹಾಕಿದ್ದು?”

“ಅಲ್ಲ.”

“ಎಷ್ಟು?”

ನನಗೆ ಗೊತ್ತಿರಲಿಲ್ಲ ಪುಟ್ಟಾ. ಗೊತ್ತಿಲ್ಲ ಎಂದೆ.

“ನಾನು ಪಡಸಾಲೆಯಲ್ಲಿ ಕೂಗಾಡಿದ್ದಕ್ಕೆ ನಿಮಗೆ ಕೇಳಿಸಿತು. ಬಾಯಿ ಸತ್ತವರು ಇರ್ತಾರಲ್ಲ, ಅವರು ಕಾಗದ ತಗೊಂಡು ಸುಮ್ಮನೆ ಹೋಗಿರ್ತಾರೆ. ಅವರನ್ನ ಹುಡುಕಿ. ನನ್ನ ಹತ್ತಿರ ಕ್ಷಮೆ ಕೇಳ್ತಾ ಕೂರಬೇಡಿ.”

ಅಷ್ಟು ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ಯಂತ್ರ ಓದಿದ ಕಡತಗಳ ಪಟ್ಟಿ ನಿಮ್ಮಲ್ಲಿ ಇರುತ್ತದೆಯೇ?

ಅಕ್ಕ

*

ಸೆಪ್ಟೆಂಬರ್ 23

ಅಕ್ಕ,

ಇರುತ್ತದೆ. ಮುನ್ನೂರ ಹನ್ನೆರಡು. ಕಡತಗಳಲ್ಲಿ ‘ಊ’ ಬಂದಲ್ಲೆಲ್ಲ ಯಂತ್ರ ಏನು ಆರಿಸಿತು, ಎಷ್ಟು ಅನುಮಾನದಿಂದ ಆರಿಸಿತು ಎಂಬುದೂ ಉಳಿದಿದೆ. ಅದಕ್ಕೆ ಅನುಮಾನವಿತ್ತು ಅಕ್ಕ, ಹೇಳಲು ನಾವು ಬಿಟ್ಟಿರಲಿಲ್ಲ. ಹೆಚ್ಚು ಅನುಮಾನವಿದ್ದವನ್ನು ಮೇಲಿಟ್ಟು ಪಟ್ಟಿ ಮಾಡುತ್ತಿದ್ದೇನೆ. ಮೇಡಂ ನೋಡಿದರು, ತಡೆಯಲಿಲ್ಲ. ನಿನ್ನೆ ಅವರೇ ಬಂದು, ಪಟ್ಟಿ ಕೋರಿ ವಕೀಲೆ ಕಳಿಸಿದ್ದ ಮನವಿಗೆ ಒಪ್ಪಿಗೆಯ ಸಹಿ ಹಾಕಿದರು. ನನ್ನ ಹುದ್ದೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸಮ್ಮೇಳನದಲ್ಲಿ ಏನಾಯಿತೆಂದು ನೀನು ಕೇಳಿಲ್ಲ. ನಾನು ಮಾತಾಡಲಿಲ್ಲ. ನನ್ನ ಜಾಗದಲ್ಲಿ ಸೇತುವೆಯ ಬಿರುಕಿನವರು ಅರ್ಧ ಗಂಟೆ ಹೆಚ್ಚಿಗೆ ಮಾತಾಡಿದರಂತೆ.

ಮೊದಲ ಐವತ್ತರ ಪಟ್ಟಿ ಇದರಲ್ಲಿದೆ.

ತಮ್ಮ

*

ಡಿಸೆಂಬರ್ 2

ಪುಟ್ಟಾ,

ವಕೀಲೆಯ ಕಚೇರಿಯ ಹಿಂದಿನ ಕೋಣೆಯಲ್ಲಿ ನನಗೊಂದು ಮೇಜು ಕೊಟ್ಟಿದ್ದಾರೆ. ಬೆಳಗ್ಗೆ ಒಂಬತ್ತಕ್ಕೆ ಕಿವಿಗೆ ಹೆಡ್‌ಫೋನು ಹಾಕಿದರೆ ಸಂಜೆ ಐದಕ್ಕೆ ತೆಗೆಯುವುದು. ನೂರ ಆರು ಕೇಳಿ ಮುಗಿಸಿದೆ. ಹತ್ತೊಂಬತ್ತರಲ್ಲಿ ತಪ್ಪು ಸಿಕ್ಕಿತು. ಹದಿನೈದು ಜನ ಇನ್ನೂ ಇಲ್ಲೇ ಇದ್ದಾರೆ, ಅವರ ಕಡತ ಮತ್ತೆ ತೆರೆಯುತ್ತಾರೆ. ಹೊಲಿಗೆಯಾಕೆಗೆ ಇರಲು ಅನುಮತಿ ಸಿಕ್ಕಿತು. ವಕೀಲೆಯ ಬಳಿ ಸುದ್ದಿ ಕೇಳಿದೆ, ನಾನಾಗಿ ಹೋಗಿ ಮಾತಾಡಿಸಿಲ್ಲ.

ನಾಲ್ಕು ಜನರನ್ನು ಆಗಲೇ ವಾಪಸ್ ಕಳಿಸಿದ್ದಾರೆ.

ಮೂವರ ವಿಳಾಸಕ್ಕೆ ಬರೆದ ಕಾಗದ ಹಾಗೇ ತಿರುಗಿ ಬಂತು. ನಾಲ್ಕನೆಯವಳು ಶಾಲೆಯ ಉಪಾಧ್ಯಾಯಿನಿ, ಕಡತದಲ್ಲಿ ಯಾವುದೋ ಫೋನ್ ನಂಬರು ಇತ್ತು. ನಿನ್ನೆ ಮಧ್ಯಾಹ್ನ ಮಾಡಿದೆ. ಒಂದು ಹೆಣ್ಣು ದನಿ ಕೇಳಿಸಿತು. ಹೆಸರು ಹೇಳಿ ಕೇಳಿದೆ. “ಇಲ್ಲಿ ಆ ಹೆಸರಿನವರು ಯಾರೂ ಇಲ್ಲ” ಎಂದಳು.

ಆದರೆ ಇಡಲಿಲ್ಲ. ಉಸಿರು ಕೇಳುತ್ತಿತ್ತು. ನಾನೂ ಇಡಲಿಲ್ಲ. ಯಾರು, ಏನು ಎಂದು ಕೇಳುವ ಗೋಜಿಗೆ ಹೋಗದೆ, ಹೇಳಬೇಕಾದ್ದನ್ನೆಲ್ಲ ಹೇಳಿದೆ: ಆ ಹೇಳಿಕೆಯನ್ನು ತಪ್ಪಾಗಿ ಬರೆದವರು ನಾವು, ಅರ್ಜಿ ಮತ್ತೆ ತೆರೆಯಲು ದಾರಿಯಿದೆ, ವಕೀಲೆಯ ನಂಬರು ಇದು. ಎರಡು ಸಲ ಹೇಳಿದೆ. ಆ ಕಡೆ ಯಾರೋ ಬಾಗಿಲು ಮುಚ್ಚಿದ ಸದ್ದು. ಪೆನ್ನು ಹುಡುಕಿದ ಹಾಗೆಯೂ ಅನಿಸಿತು.

ಕೊನೆಗೆ ಬಹಳ ಮೆಲ್ಲಗೆ, “ನಂಬರು ಇನ್ನೊಂದು ಸಲ, ನಿಧಾನ” ಎಂದಳು. ನಿಧಾನವಾಗಿ ಹೇಳಿದೆ. ಅರ್ಧಕ್ಕೇ ಫೋನ್ ಕಡಿದುಹೋಯಿತು.

ಉಳಿದ ಅರ್ಧ ಹೇಳಲು ಇವತ್ತು ಅದೇ ಹೊತ್ತಿಗೆ ಮತ್ತೆ ಮಾಡುತ್ತೇನೆ.

ಅಕ್ಕ